ರೆಕ್ಕೆಗೆ ರವಿಕೆ

ಕಗ್ಗದಾಸಪುರದ ಮೂರನೇ ಅಡ್ಡರಸ್ತೆಯಲ್ಲಿ
ಫಾಲ್ಸು, ಜಿಗ್‌ಜಾಗು, ರವಿಕೆ ಹೊಲಿಯುವ ನನ್ನ ಅಂಗಡಿಗೆ
ಎಚ್‌ಎಎಲ್ ಆಂಜಿನಪ್ಪನವರು ಬಂದು,
ಪಕ್ಕದ ಮನೆಯಲ್ಲಿ ಹೆಪ್ಪಿಗೆ ಮೊಸರು ಕೇಳುವಷ್ಟು ಮೆಲ್ಲಗೆ,
‘ಒಂದು ರೆಕ್ಕೆಗೆ ಬಟ್ಟೆ ಹೊಲೀಬೇಕಿತ್ತಲ್ಲಮ್ಮ’ ಅಂದರು.

ಯಾರ ರೆಕ್ಕೆ ಅಂದೆ. ಶಾಲೆಯ ವಾರ್ಷಿಕೋತ್ಸವಕ್ಕೆ
ನವಿಲು, ಗರುಡ, ಜಟಾಯು ಎಲ್ಲ ಹೊಲಿದವಳು ನಾನು.
‘ಪುಷ್ಪಕದ್ದು.’
ರಾಮಾಯಣವೇ ಇರಬೇಕೆಂದು ಅಳತೆ ಪುಸ್ತಕ ತೆರೆದು
ಬರೆದುಕೊಂಡೆ: ಪುಷ್ಪಕ. ಮಗುವಿನ ಎತ್ತರ?

ಅವರ ಕಾರ್ ಶೆಡ್ಡಿನಲ್ಲಿ ಕಾರಿರಲಿಲ್ಲ.
ಚರ್ಮ ಸುಲಿದ, ಮೂತಿ ಇಲ್ಲದ, ಉಕ್ಕಿನ ಕೊಳವೆಗಳ ಒಂದು ಒಡಲು.
ಜಕ್ಕೂರಿನ ಶೆಡ್ಡಿನ ಹಿಂದೆ ಹುಲ್ಲಲ್ಲಿ ಬಿದ್ದಿತ್ತಂತೆ,
ಗುಜರಿಯವನ ತಕ್ಕಡಿಯಿಂದ ಬಿಡಿಸಿ ತಂದರಂತೆ.
ಚಾಲಕನ ಸೀಟಿನಲ್ಲಿ ಬೆಕ್ಕು ಮೂರು ಮರಿ ಹಾಕಿ
ಯಾರನ್ನೂ ಹತ್ತಿರ ಬಿಡದೆ ಗುರ್ ಅನ್ನುತ್ತಿತ್ತು.
ಸದ್ಯಕ್ಕೆ ಇದ್ದ ಎಂಜಿನ್ ಅದೊಂದೇ.

ರೆಕ್ಕೆ ತಾರಸಿಯ ಮೇಲೆ, ಸಂಡಿಗೆ ಒಣಗುವ ಪಕ್ಕ.
ಹದಿನೇಳು ಅಡಿ. ಪಾಲಿಕೆಯವನು ಬಂದು
ಇದು ಎಷ್ಟನೇ ಮಹಡಿ, ಪ್ಲಾನ್ ಇದೆಯಾ ಎಂದು ಕೇಳಿ ಹೋಗಿದ್ದ.

ಅದನ್ನು ಅಂಚಿನ ಮೇಲೆ ನಿಲ್ಲಿಸಿ
ಆಚೆ ಅವರು, ಈಚೆ ನಾನು.
ಗೇಣುದ್ದದ ಸೂಜಿ, ಜೇನುಮೇಣ ತಿಕ್ಕಿದ ದಾರ.
ಪಕ್ಕೆಲುಬಿನ ಬಲಕ್ಕೆ ಹೋಗಿ ಎಡಕ್ಕೆ ಬರಬೇಕು,
ಎರಡೂವರೆ ಇಂಚಿಗೊಂದು ಗಂಟು.
ಮುಖ ಕಾಣದು. ಬಟ್ಟೆಯ ಮೇಲೆ ಬೆಳಗಿನ ನೆರಳು ಮಾತ್ರ,
ತಲೆಗೆ ಕಟ್ಟಿದ ಟವಲಿನದು.
ಕೊಟ್ಟೆ. ಬಂತು. ಎಳಿ. ಸಾಕು.
ಮೂರು ವಾರ ನಾವು ಆಡಿದ ಮಾತು ಇಷ್ಟೇ,
ಮೇಲೆ ಹೆಲಿಕಾಪ್ಟರ್ ಹಾದರೆ ಅದೂ ಇಲ್ಲ.
ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನ ಜೊತೆಗೂ
ಇಷ್ಟು ಲೆಕ್ಕವಾಗಿ ಕೊಟ್ಟು ತೆಗೆದುಕೊಂಡದ್ದಿಲ್ಲ ನಾನು.

ಮಾದರಿಗೆಂದು ಇಟ್ಟಿದ್ದ ಹಳೆಯ ಬಟ್ಟೆ,
ಬೆಲ್ಲದ ಬಣ್ಣಕ್ಕೆ ತಿರುಗಿದ್ದು, ಮುಟ್ಟಿದರೆ ಹಪ್ಪಳ.
ಹೊಲಿಗೆ ಓದುತ್ತಾ ಹೋದೆ.
ಒಂಬತ್ತನೇ ಸಾಲಿನಲ್ಲಿ ಗಂಟುಗಳೆಲ್ಲ ಉಲ್ಟಾ.
‘ಇಲ್ಲೊಬ್ಬ ಎಡಚ ಕೂತಿದ್ದ ನೋಡಿ’ ಅಂದೆ.
ಆಚೆಯಿಂದ ಸೂಜಿ ಬರಲಿಲ್ಲ.
ಒಂದು ಹೆಲಿಕಾಪ್ಟರ್ ಹೋಗುವಷ್ಟು ಹೊತ್ತು,
ಹೆಲಿಕಾಪ್ಟರ್ ಇರಲಿಲ್ಲ.

ಬಗ್ಗಿ ನೋಡಿದೆ. ಎಡಗೈಯನ್ನು ಮೊಣಕಾಲಿನ ಮೇಲಿಟ್ಟು
ಬೇರೆ ಯಾರದೋ ಮಗುವನ್ನು ನೋಡುವಂತೆ ನೋಡುತ್ತಿದ್ದರು.
‘ಹದಿನೆಂಟು ವರ್ಷ ನಂಗೆ. ಆ ಸಾಲು ಮುಗಿಯೋಷ್ಟರಲ್ಲಿ
ಸೂಪರ್‌ವೈಸರು ನೋಡಿಬಿಟ್ಟ. ಗೆಣ್ಣಿನ ಮೇಲೆ ಸ್ಕೇಲಲ್ಲಿ ಬಿತ್ತು.
ಹತ್ತನೇ ಸಾಲಿಂದ ಬಲಗೈ.
ಬಿಚ್ಚಿಸೋಕೆ ಮರೆತ. ಹಾಗೇ ಹಾರ್ತಿತ್ತು.’

ಗುಜರಿಯಲ್ಲಿ ಇದನ್ನೇ ಯಾಕೆ ಆರಿಸಿದಿರಿ ಎಂದು
ಆಮೇಲೆ ನಾನು ಕೇಳಲಿಲ್ಲ.
ಹೊಸ ಬಟ್ಟೆಯ ಒಂಬತ್ತನೇ ಸಾಲಿಗೆ
ನಾನು ಈಚೆ ಹಿಡಿದುಕೊಂಡು ಸುಮ್ಮನೆ ನಿಂತೆ.
ಗಂಟುಗಳನ್ನು ಅವರು ಹಾಕಿಕೊಂಡರು.

ಡೋಪು ಬಳಿದ ದಿನ ಬೀದಿಯೆಲ್ಲ ಉಗುರುಬಣ್ಣದ ವಾಸನೆ.
ಎದುರುಮನೆಯವರು ಕಿಟಕಿ ಹಾಕಿಕೊಂಡರು.
ನಾಲ್ಕನೇ ಕೋಟಿಗೆ ನೆರಿಗೆಗಳೆಲ್ಲ ತಾವಾಗಿ ಬಿಗಿದು
ಬೆರಳಲ್ಲಿ ತಟ್ಟಿದರೆ ಕಾಸಿದ ತಮಟೆ.
ನನ್ನ ಕೈಯ ಯಾವ ರವಿಕೆಯೂ
ಯಾರ ಮೈಗೂ ಹೀಗೆ ಕೂತಿಲ್ಲ.

‘ಹಾರತ್ತಾ?’
‘ಎಂಜಿನ್ ಬೇಕು. ಲೈಸೆನ್ಸ್ ಬೇಕು. ದಿಲ್ಲಿಯಿಂದ ಕಾಗದ ಬರಬೇಕು.
ಅದೆಲ್ಲ ಆಮೇಲೆ. ನಿಮ್ಮ ಟೇಪ್ ತಂದಿದ್ದೀರಾ?’

ಕತ್ತಿನಿಂದ ತೆಗೆದು ಒಂದು ತುದಿ ಅವರ ಕೈಗೆ ಕೊಟ್ಟೆ.
ಮೆಟ್ಟಿಲ ತಿರುವು, ಬಾಗಿಲು, ಕೊನೆಗೆ ಗೇಟು.
ಎರಡು ಸಲ ಅಳೆದೆವು.
ನಾಲ್ಕು ಇಂಚು ಕಮ್ಮಿ.
ಅವರು ಒಳಗೆ ಹೋಗಿ
ಸುತ್ತಿಗೆ ಹುಡುಕತೊಡಗಿದರು.