ಡೂಪ್ಲಿಕೇಟ್

ಭಾನುವಾರ ಏಳೂವರೆ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸು.
ಶಟರು ಇನ್ನೂ ಅರ್ಧ. ಇವರು ಆಗಲೇ ಬಂದಿರುತ್ತಾರೆ,
ಬಾನೆಟ್ಟು ಎತ್ತಿ, ಎಂಜಿನ್ನಿಗೆ ಮುಖ ಬಗ್ಗಿಸಿ,
ತೊಟ್ಟಿಲೊಳಗೆ ಇಣುಕುವ ನೆಂಟರ ಹಾಗೆ.

ನನ್ನದು ಮೂಲೆಯ ಗೂಡು. ಕೀ ಕಡಿಯುವ ಮಿಷನ್ನು,
ಒಂದು ಸ್ಟೂಲು, ಮೊಳೆಗೆ ನೇತುಬಿಟ್ಟ
ಇನ್ನೂ ಹಲ್ಲು ಬಾರದ ಮುನ್ನೂರು ಕೀ.
"ಸಿಲ್ವಣ್ಣಾ, ನೀನೇ ಹೇಳು" ಅನ್ನುತ್ತಾರೆ;
ನಾನು ಬಾಯಿ ತೆರೆಯುವಷ್ಟರಲ್ಲಿ
ಮಾತು ಗೇರು ಬದಲಿಸಿರುತ್ತದೆ.

ಹಾಲೇಶಪ್ಪನಿಗೆ ಬಾಗಿಲ ಸದ್ದೇ ಪ್ರಮಾಣ.
"ಡಬ್ ಅನ್ನಬೇಕು ಕಣ್ರೀ, ಟಿಣ್ ಅನ್ನಬಾರದು"
ಅಂತ ತನ್ನ ಎಂಬತ್ತಾರರ ಜೀಪಿನ ಬಾಗಿಲು ಹಾಕುತ್ತಾನೆ.
ಅದು ಎರಡೂ ಅನ್ನುವುದಿಲ್ಲ, ಗೊಣಗುತ್ತದೆ.
ಡ್ಯಾಷಿನ ಕೆಳಗೆಲ್ಲೋ ಒಂದು ಕಳ್ಳ ಸ್ವಿಚ್ಚು,
ಎಲ್ಲಿ ಅಂತ ಹೆಂಡತಿಗೂ ಹೇಳಿಲ್ಲ.
ಹೋದ ವರ್ಷ ಯಾರೋ ರಾತ್ರಿ ತಳ್ಳಿಕೊಂಡು ಹೋಗಿ
ಹೊಳೆಹೊನ್ನೂರು ರಸ್ತೆಯಲ್ಲಿ ಸುಸ್ತಾಗಿ ಬಿಟ್ಟರು,
ಸೀಟಿನ ಮೇಲೆ ಬೀಡಿ ಕಟ್ಟು ಮರೆತು.
ಆ ಬೀಡಿ ಇವನೇ ಸೇದಿ ಮುಗಿಸಿದ.

ಡ್ರೈವಿಂಗ್ ಸ್ಕೂಲಿನ ಪ್ರಫುಲ್ಲಾ ಮೇಡಂ ನಗುವುದಿಲ್ಲ.
"ಆರು ಏರ್‌ಬ್ಯಾಗಂತೆ, ಐದು ನಕ್ಷತ್ರವಂತೆ.
ಮಂಡಗದ್ದೆ ತಿರುವಿಗೆ ಎಣಿಸಲು ಬರುವುದಿಲ್ಲ.
ಬೆಲ್ಟು ಹಾಕದೆ, ಅದು ಕೂಗದ ಹಾಗೆ
ಬಾಯಿಗೆ ಕ್ಲಿಪ್ಪು ತುರುಕುತ್ತೀರಲ್ಲ, ನಿಮಗೇನು ಹೇಳಲಿ?"
ಆ ಕ್ಲಿಪ್ಪಿಗೆ ನಲವತ್ತು ರೂಪಾಯಿ.
ನನ್ನ ಗೂಡಿನಲ್ಲೇ ಸಿಗುತ್ತದೆ. ಸಿಗುತ್ತಿತ್ತು.
ಡಬ್ಬಿಯನ್ನು ಕಾಲಲ್ಲೇ ಮೇಜಿನಡಿಗೆ ಸರಿಸಿದೆ.

ಆಮೇಲೆ ತೀರ್ಥೇಶ ಬಂದ.
ಹೊಸ ಕಾರಿನವನು, ಆಟೋದಲ್ಲಿ!
ಗೋಪಾಳದ ಮನೆ ಮುಂದಿನಿಂದ ಗುರುವಾರ ರಾತ್ರಿ
ಕಾರು ಸದ್ದಿಲ್ಲದೆ ಎದ್ದುಹೋಗಿದೆ.
ಗಾಜು ಒಡೆದಿಲ್ಲ, ತಂತಿ ಕಡಿದಿಲ್ಲ,
ಒಳಗೆ ಮೊಳೆಗೆ ತೂಗುವ ಕೀಯ ಉಸಿರನ್ನು
ಗೋಡೆಯಾಚೆಯಿಂದಲೇ ಹಿಡಿದರಂತೆ.
ಫೋನು ತೋರಿಸಿದ: ನಕಾಶೆ, ಅದರ ಮೇಲೆ ಬೂದು ಪರದೆ.
'ನಿಮ್ಮ ಉಚಿತ ವರ್ಷ ಮುಗಿದಿದೆ.
ವಾಹನ ಎಲ್ಲಿದೆ ತಿಳಿಯಲು ಹಣ ಕಟ್ಟಿ.'

"ಅಂದರೆ ಅವರಿಗೆ ಗೊತ್ತು."
"ಗೊತ್ತು."
"ಗೊತ್ತಿದ್ದೂ..."
"ಕಟ್ಟಿದೆ ಮಾರಾಯ. ಪರದೆ ಸರಿಯಿತು.
ಹರಿಹರದ ಹತ್ತಿರ ಒಂದು ಚುಕ್ಕಿ, ಎರಡು ದಿನ ಹಳೆಯದು."
ಹಾಲೇಶಪ್ಪ ಟೋಪಿ ತೆಗೆದು ತಲೆ ಕೆರೆದ:
"ಎಮ್ಮೆ ಮಾರಿ, ಕೆಚ್ಚಲು ಮಾತ್ರ ನಮ್ಮದು ಅಂದ ಹಾಗಾಯ್ತು.
ಸಿಲ್ವಣ್ಣಾ, ನೀನೇ ಹೇಳು. ಬೀಗದವನು ನೀನು."

ಈ ಸಲ ಎಲ್ಲರೂ ಸುಮ್ಮನಿದ್ದರು.

ಹನ್ನೊಂದು ವರ್ಷದ ಹಿಂದೆ, ಸಂಜೆ, ಒಬ್ಬ ಬಂದ,
ಹೆಗಲ ಮೇಲೆ ನಿದ್ದೆ ಹೋದ ಮಗು.
"ಕೀ ತುಂಗೆಗೆ ಬಿತ್ತು ಅಣ್ಣಾ, ಮಗೂಗೆ ಜ್ವರ."
ಬಸ್‌ಸ್ಟ್ಯಾಂಡಿನ ಹಿಂದೆ ಬಿಳಿ ವ್ಯಾನು.
ಟಾರ್ಚು ಬಾಯಲ್ಲಿ ಕಚ್ಚಿ, ಅರ ತಿಕ್ಕಿ, ಮತ್ತೆ ತಿಕ್ಕಿ,
ಬಾಗಿಲು ತೆರೆದಾಗ ನನಗೇ ಖುಷಿ.
ಮಗು ಅಂತ ಇಪ್ಪತ್ತು ರೂಪಾಯಿ ಬಿಟ್ಟೆ.
ಮಾರನೇ ದಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ
ಬ್ರೆಡ್ಡು ಮಾರುವವನೊಬ್ಬ ತಲೆಗೆ ಕೈಹೊತ್ತು ಕೂತಿದ್ದ.
ನಾನು ಸೈಕಲ್ಲು ನಿಲ್ಲಿಸಲಿಲ್ಲ.
ಪಾದ್ರಿಗೂ ಹೇಳಿಲ್ಲ ಇದನ್ನು.
ಮಗುವಿಗೆ ಜ್ವರ ನಿಜವಾಗಿ ಇತ್ತು.
ಕೀ ಕೊಡುವಾಗ ಅದರ ಕಾಲು ನನ್ನ ಕೈಗೆ ತಾಗಿತ್ತು, ಸುಡುತ್ತಿತ್ತು.
ಅದೊಂದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಇವರಿಗೆ ಅಂದದ್ದು: "ಕಾಫಿ ಆರುತ್ತಿದೆ."

ತಿಂಗಳ ಮೇಲೆ ಕಾರು ಸಿಕ್ಕಿತು, ನಾಲ್ಕೂ ಚಕ್ರ ಬೇರೆಯವರದು.
"ಹಾಲೇಶಪ್ಪಂದರ ಥರ ಒಂದು ಕಳ್ಳ ಸ್ವಿಚ್ಚು ಇಡು."
ಡ್ಯಾಷಿನಡಿ ಮಲಗಿ ಹುಡುಕಿದೆ.
ನನ್ನ ಗುರುತಿನ ಒಂದು ತಂತಿಯೂ ಇಲ್ಲ ಅಲ್ಲಿ,
ಬರೀ ಕಪ್ಪು ಡಬ್ಬಿ, ಬಿಚ್ಚಿದರೆ ವಾರಂಟಿ ಇಲ್ಲ ಎನ್ನುವ ಚೀಟಿ.
ಎದ್ದು ಬಂದು ಸ್ಟೀರಿಂಗಿಗೆ ಹಳದಿ ಕಬ್ಬಿಣದ ಬೀಗ ಜಡಿದೆ,
ತುಡುಗು ದನದ ಕೊರಳಿಗೆ ಕಟ್ಟುವ ಕೊರಡಿನಂಥದ್ದು.
ಎರಡು ಕೀ. ಎರಡನ್ನೂ ಅವನ ಕೈಗಿಟ್ಟೆ.
ಅಚ್ಚು ಇಟ್ಟುಕೊಳ್ಳಲಿಲ್ಲ.

"ತಿಂಗಳಿಗೆಷ್ಟು?" ಅಂದ, ನಗುತ್ತ.
"ಒಂದೇ ಸಲ. ಸಾವಿರದ ಇನ್ನೂರು."
ಚೌಕಾಸಿ ಮಾಡಿ ಸಾವಿರ ಕೊಟ್ಟ.