ಉತ್ತರದ ಗೋಡೆ

ಅರ್ಜಿ ಬಂದದ್ದು ಬಿಳಿ ಹಾಳೆಯಲ್ಲಲ್ಲ,
ಜಕಾರ್ಡ್ ಮಗ್ಗದ ಹಳೇ ರಟ್ಟಿನ ಪಟ್ಟಿಗಳ ಮೇಲೆ.
ತೂತುಗಳ ನಡುವೆ ಜಾಗ ಸಿಕ್ಕಲ್ಲೆಲ್ಲ ಬಾಲ್‌ಪೆನ್ನಿನ ಕನ್ನಡ,
ತೂತು ಬಂದಲ್ಲಿ ಅಕ್ಷರ ಜಿಗಿದು ಆಚೆ ದಡ.

ಸೊಲ್ಲಾಪುರದ ಹೊಸ ರೈಲಿಗೆ ಒಂಬತ್ತು ನಿಲ್ದಾಣ,
ಒಂಬತ್ತು ಗೋಡೆಗೆ ಕಲೆ ಬೇಕೆಂದು ಪೇಪರಿನಲ್ಲಿ ಜಾಹೀರಾತು.
"ನಗರದ ಅಸ್ಮಿತೆ" ಎಂದಿತ್ತು. ಅಳತೆ, ಠೇವಣಿ, ಕೊನೇ ತಾರೀಖು.
ಪುಣೆಯಿಂದ ಬಂದವು ಹೊಳೆಯುವ ಕಡತಗಳು:
ಫೈಬರಿನ ಚಾದರ, ಫೈಬರಿನ ಚಿಮಣಿ,
ಗುಂಡಿ ಒತ್ತಿದರೆ ಕೂಗುವ ಮಿಲ್ಲಿನ ಭೋಂಗಾ.
ಕಮಿಟಿಯಲ್ಲಿ ನನ್ನ ಕೆಲಸ
ಕನ್ನಡದ್ದನ್ನು ಮರಾಠಿಗೆ ತರುವುದು.
ಎರಡು ತಿಂಗಳಲ್ಲಿ ಬಂದದ್ದು ಇದೊಂದೇ.

"ನಾ ಚಿತ್ರ ತಗಿಯಾಂವ ಅಲ್ರಿ. ತೂತ ಹೊಡಿಯಾಂವ.
ನಲವತ್ತೊಂದು ವರ್ಷ ಚಾದರದ ಹೂವು, ನವಿಲು, ತಾಜಮಹಲು
ಎಲ್ಲಾ ಮೊದಲ ನನ್ನ ಕೈಯಾಗ ತೂತಾಗಿ ಹುಟ್ಟ್ಯಾವ.
ಗ್ವಾಡಿಗೆ ಬಣ್ಣ ಹಚ್ಚಬ್ಯಾಡ್ರಿ.
ನೆರಳಿಗಂತ ನೀವು ಕೂಡಸೂ ಉಕ್ಕಿನ ತಗಡಿಗೆ
ನನ್ನ ಪಟ್ಟಿ ನೋಡಿ ತೂತ ಹೊಡಸ್ರಿ.
ಮುಂಜಾನಿ ಸೂರ್ಯ ನೇಯ್ತಾನ, ಮಂದೀ ಅಂಗೀ ಮ್ಯಾಲ.
ಅಂವ ಪಗಾರ ಕೇಳಂಗಿಲ್ಲ."
ಸಹಿ: ರೇವಣಸಿದ್ಧ ಮೇತ್ರೆ, ನೀಲಂನಗರ.

ಸಹಿಯಾದ ಮೇಲೂ ಒಂದು ಪಟ್ಟಿ ಉಳಿದಿತ್ತು.
ಒಮ್ಮೆ ರಾತ್ರಿಪಾಳಿಯ ತೂಕಡಿಕೆಯಲ್ಲಿ ಒಂದು ಸಾಲು ತೂತು ಹೆಚ್ಚಾಗಿ
ನವಿಲಿಗೆ ಮೂರು ಕಾಲು.
ಯಾರಾದರೂ ಕಾಣುವಷ್ಟರಲ್ಲಿ ಇಪ್ಪತ್ತು ಡಜನ್ ನೇಯ್ದಾಗಿತ್ತು.
ಸಾವಕಾರ ಪಗಾರ ಕಡಿದ. ಚಾದರ ಅರ್ಧ ಬೆಲೆಗೆ
ಅಕ್ಕಲಕೋಟೆ, ಮೈಂದರ್ಗಿ, ಇಂಡಿಯ ಸಂತೆಗೆ ಹೋದವು.
"ಇನ್ನೂ ಯಾರೋ ಅದನ್ನ ಹೊಚಗೊಂಡು ಮಲಗಿರ್ತಾರ.
ನನಗ ಅದೇ ನವಿಲು ಬೇಕ್ರಿ. ತಿದ್ದಬ್ಯಾಡ್ರಿ."

ತೂತನ್ನು ನಾನು ಛಿದ್ರ ಎಂದು ಬರೆದೆ.
ಮರಾಠಿಯಲ್ಲಿ ಅದು ಬರೀ ತೂತು;
ನನ್ನ ಕಿವಿಗೆ ಮಾತ್ರ ಏನೋ ಒಡೆದು ಚೂರಾದ ಸದ್ದು.
ಕೊನೇ ಪಟ್ಟಿಯನ್ನು ಬರೆಯಲಿಲ್ಲ.
ನಗುತ್ತಾರೆ ಅನ್ನಿಸಿತು,
ಅವನನ್ನು ನೋಡಿಯೋ, ನನ್ನನ್ನೋ.

ಸುರಕ್ಷಾ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ:
ವ್ಯಾಸ ಎಷ್ಟು? ಮಗುವಿನ ಬೆರಳು ಸಿಕ್ಕಬಾರದು.
ಮಾರನೇ ದಿನ ಮುದುಕ ಮೊಮ್ಮಗಳನ್ನೇ ಕರೆತಂದ,
ಮೇಜಿನ ಮೇಲೆ ಅವಳ ಕಿರುಬೆರಳು ಇಡಿಸಿದ.
ಅಳೆದರು. ಅದಕ್ಕಿಂತ ಒಂದು ಕೂದಲು ಕಮ್ಮಿ
ಎಂದು ನಡಾವಳಿಯಲ್ಲಿ ದಾಖಲಾಯಿತು, ಮಿಲಿಮೀಟರಿನಲ್ಲಿ.
ಹುಡುಗಿಗೆ ಎರಡು ಬಿಸ್ಕೀಟು.

ಏಳನೇ ನಿಲ್ದಾಣ ಕೊಟ್ಟರು. ಉತ್ತರದ ಗೋಡೆ.
ಬಿಸಿಲು ಬೀಳದ ಕಡೆ, ಎಂದೆ ತಲೆ ತಗ್ಗಿಸಿ.
"ಬೀಳತೈತಿ ಬಿಡವ್ವಾ. ರೋಣಿ ಮಳಿ ಹೊತ್ತಿಗೆ
ಸೂರ್ಯ ಆ ಕಡೆ ವಾಲತಾನ.
ತಿಂಗಳೊಪ್ಪತ್ತು ಸಾಕಲಾ."

ಜೂನ್ ಮೂರು. ಬೆಳಿಗ್ಗೆ ಆರೂ ಹತ್ತು.
ಪ್ಲಾಟ್‌ಫಾರಮ್ಮಿನಲ್ಲಿ ಅವನು, ನಾನು, ಕಸ ಗುಡಿಸುವವಳು.
ಬೆಳಕಿನ ಚುಕ್ಕೆ ಒಂದೊಂದೇ ನೆಲಕ್ಕಿಳಿದು
ಕೊರಳಾಯಿತು, ಗರಿಯಾಯಿತು, ಕಾಲಾಯಿತು.
ಎರಡು ಕಾಲು.

ಲೇಸರ್ ಯಂತ್ರದ ಹುಡುಗ ಜಾಣ, ತಪ್ಪು ಕಂಡು ಸರಿಮಾಡಿದ್ದ.
ತಿದ್ದಬೇಡ ಎಂಬ ಮಾತು
ಯಾವ ಭಾಷೆಯಲ್ಲೂ ಅವನಿಗೆ ತಲುಪಿರಲಿಲ್ಲ.
ನಾನೇ ಬರೆಯಲಿಲ್ಲ, ಎಂದೆ.
ಮೇತ್ರೆ ಕಾಕಾ ಕೇಳಿಸಿಕೊಂಡನೋ ಇಲ್ಲವೋ,
ನೆಲ ನೋಡುತ್ತಿದ್ದ.

ಗೋಡೆಯಲ್ಲಿ ಬೋಲ್ಟು ಕೂರದೆ ಬಿಟ್ಟ ತೂತೊಂದಿತ್ತು,
ನಕಾಶೆಯಲ್ಲಿ ಇಲ್ಲದ್ದು.
ಅದರ ಬಿಸಿಲು ನವಿಲಿನ ಹೊಟ್ಟೆಯ ಕೆಳಗೆ, ತುಸು ಓರೆಗೆ,
ಗುಡಿಸುವವಳ ಕಾಲುಂಗುರದ ಮೇಲೆ ಕೂತಿತ್ತು.

"ಅದನ್ನ ಯಾರ ಹೊಡದಾರ?" ಎಂದ.

ಯಾರೂ ಅಲ್ಲ, ಅನ್ನುವಷ್ಟರಲ್ಲಿ
ಅವಳು ಕಾಲು ಸರಿಸಿದಳು, ಪೊರಕೆ ಮುಂದೆ ಹೋಯಿತು.
ಮೊದಲ ಗಾಡಿ ಆರೂ ಇಪ್ಪತ್ತಕ್ಕೆ.