ಕಡಾ ತಂದ ಮೂಗು

ಬೆಕ್ಕು ಉಚ್ಚಿ ಹೊಯ್ದದ್ದು ನಂಗ ಗೊತ್ತಾಗಿದ್ದು
ವಾಸನಿಯಿಂದ ಅಲ್ಲ, ಕೈಗೆ ಹತ್ತಿದ ಹಸಿಯಿಂದ.
ಇಪ್ಪತ್ತೆರಡು ವರ್ಷ ಇಳಕಲ್ಲಿನ ಕೆಂಪು ಕಲ್ಲಿಗೆ ಪಾಲಿಶ್ ಹಿಡದೀನಿ;
ಕಲ್ಲು ಕನ್ನಡಿ ಆತು,
ಮೂಗು ಕಲ್ಲಾತು.
ಒಗ್ಗರಣಿ ಸೀದದ್ದು, ಗ್ಯಾಸ್ ಸೋರಿದ್ದು,
ಎಲ್ಲೋ ದೂರ ಮಳಿ ಬಿದ್ದದ್ದು
ಎಲ್ಲಾ ನೀಲಗಂಗಿನ ಹೇಳಬೇಕು.

ಅಕಿ ಮುದ್ದೇಬಿಹಾಳಕ್ಕ ಹೋಗ್ಯಾಳ, ತಂಗಿ ಕಡೆ.
ಗುರುವಾರ ಬರ್ತಾಳ. ಶುಕ್ರವಾರ ಅಣ್ಣನ ಸೊಸಿ ಕುಬಸ,
ಉಡೂದು ಇದೇ ಸೀರಿ.
ಟ್ರಂಕಿನಿಂದ ತಗದು ಗಾಳಿಗೆ ಹಾಕು ಅಂದಿದ್ಲು.
ಗಾಳಿಗೆ ಹಾಕಿದೆ, ಬಾಗಲಾ ಹಾಕೂದು ಮರತೆ.
ಗುಂಡ್ಯಾ ಬಂದಾನ. ನಮ್ಮ ಬೆಕ್ಕಲ್ಲ ಅಂವ, ಓಣಿ ಬೆಕ್ಕು,
ಅರ್ಧಾ ಕಿವಿ ಇಲ್ಲ, ನಾಚಿಕಿ ಪೂರಾ ಇಲ್ಲ.
ಇಷ್ಟುದ್ದ ಸೀರಿ ಬಿಟ್ಟು
ರೇಷ್ಮಿ ಸೆರಗಿನ ತೋಪತೆನಿ ಮ್ಯಾಲನ
ರುಜು ಹಾಕಿ ಹೋಗ್ಯಾನ.

ಬಣ್ಣದ ಯಮನೂರಸಾಬ ಹೊಸ್ತಿಲದಾಗ ನಿಂತು ಮೂಗು ಮುಚ್ಚಿಕೊಂಡ:
‘ಬಿಸಿನೀರು ಹಾಕಿದ್ಯೋ, ವಾಸನಿ ನೂಲಿನಾಗ ಮನಿ ಕಟ್ತೈತಿ.
ಸೋಡಾ ಬ್ಯಾಡ, ರೇಷ್ಮಿ ತಿಂತೈತಿ.
ತಿಕ್ಕಬ್ಯಾಡ, ಹಿಂಡಬ್ಯಾಡ.
ಕೆಂಪು ಹೋಗಿ ಬಿಳೇದರಾಗ ಇಳೀತಂದ್ರ
ನೀ ಬಾವ್ಯಾಗ ಇಳೀಬೇಕಾಗ್ತೈತಿ.
ತಣ್ಣೀರು, ಅದಕ್ಕೊಂದು ಬಟ್ಟಲ ವಿನೆಗರ್,
ಆಮ್ಯಾಲ ಅಂಟವಾಳದ ನೊರಿ. ನೆರಳಾಗ ಒಣಗಸು.’

ಬಸ್‌ಸ್ಟ್ಯಾಂಡ್ ಹಂತ್ಯಾಕ ಗೋಬಿ ಮಾರೂ ಹುಡುಗ
ಅರ್ಧಾ ಬಾಟ್ಲಿ ಕೊಟ್ಟು, ಎಷ್ಟ್ ಪ್ಲೇಟು ಮಾಡ್ತಿ ಕಾಕಾ ಅಂದ.
ಬೆಕ್ಕಿನ ಸಲುವಾಗೆಪ್ಪಾ ಅಂದೆ.
ಬೆಕ್ಕು ಗೋಬಿ ತಿಂತೈತೇನು ಅಂದ.

ಕಲ್ಲು ತಿಕ್ಕಿದ ಕೈ ನನ್ನವು.
ಒತ್ತಿದಷ್ಟೂ ಹೊಳೀತೈತಿ ಅನ್ನೂದೊಂದ ಕಲತಾವು.
ಬೆರಳಿಗೆ ಎಳಿ ಸಿಗಬಾರದಂತ
ಹಳೇ ಧೋತರದ ಅರಿವಿ ಸುತಗೊಂಡು
ಬೊಗಸಿ ಬೊಗಸಿ ನೀರು ಬಿಟ್ಟೆ,
ಕೂಸಿನ ನೆತ್ತಿಗೆ ಬಿಟ್ಟಂಗ.

ಒಣಗಿತು. ವಾಸನಿ ಹೋತೋ ಇಲ್ಲೋ?
ಮುಖ ಒತ್ತಿ ಉಸರ ಎಳದೆ. ತಣ್ಣಗಿತ್ತು, ಅಷ್ಟ.

ಸೀರಿ ತೋಳಿನ ಮ್ಯಾಲ ಹಾಕ್ಕೊಂಡು ಓಣಿ ಹಿಡದೆ.
ಹುಸೇನಬಿ ಬಗ್ಗಿ ಮೂಸಿ, ಇನ್ನೂ ಐತೋ ಯಪ್ಪಾ ಅಂದ್ಲು.
ಟ್ಯೂಶನ್ನಿಗೆ ಹೊಂಟ ಹುಡುಗಿ: ಉಪ್ಪಿನಕಾಯಿ.
ಮಗ್ಗದ ಶೇಖಪ್ಪ ಸೆರಗು ತಿರುವಿ, ಕೊಂಡಿ ಎಣಿಸಿ,
ಇದು ನಮ್ಮಪ್ಪನ ಕೈ ಅಂತ ಕಣ್ಣಿಗೊತ್ತಿಕೊಂಡ;
ಮೂಸೂದ ಮರತ.
ತಿರಗಿ ಮನಿಗೆ. ತಿರಗಿ ತಣ್ಣೀರು, ವಿನೆಗರ್, ನೊರಿ.
ಮರುದಿನ ಪಾರಮ್ಮಜ್ಜಿ ಕಣ್ಣು ಮುಚ್ಚಿ ಹೊತ್ತು ತಗೊಂಡ್ಲು:
ಬೆಕ್ಕಿಲ್ಲ ತಮ್ಮಾ.
ಜಾಜಿಕಾಯಿ, ಟ್ರಂಕಿನ ತಗಡು,
ಆಮ್ಯಾಲ ನಿನ್ನ ಹೇಣ್ತಿ.
ಅದು ಹೆಂಗಿರ್ತೈತಬೇ ಅಂದೆ.
ಮುದುಕಿ ಹೇಳಲಿಲ್ಲ.
ಇನ್ನೊಮ್ಮೆ ಮೂಸಿ, ಮಡಿಕಿ ಹಾಕಿ ಕೈಯಾಗಿಟ್ಲು.

ಆದರೂ ಖಾತ್ರಿ ಬೇಕಲ್ಲ.
ಬುಧವಾರ ಸಂಜಿಗೆ ಬೇಕಂತ ಬಾಗಲಾ ತಗದಿಟ್ಟು
ಕೈಯಾಗ ಚಂಬು ಹಿಡಕೊಂಡು ಕುಂತೆ.
ಗುಂಡ್ಯಾ ಬಂದ, ಸಾಹೇಬರು ಕಡತ ನೋಡಿದಂಗ
ಸೆರಗು ನೋಡಿದ,
ಬಾಯಿ ಅರ್ಧಾ ತಗದು ಗಾಳಿ ಓದಿದ.
ಬಾಲ ಎತ್ತಿದ. ನಾನೂ ಚಂಬು ಎತ್ತಿದೆ.
ಅಂವ ಸೀರಿ ದಾಟಿ ಹೋಗಿ
ನನ್ನ ಚಪ್ಪಲಿ ಮ್ಯಾಲ ಹೊಯ್ದ.

ಗುರುವಾರ ಮಧ್ಯಾಹ್ನ ನೀಲಗಂಗಿ ಬಂದ್ಲು.
ಚೀಲ ಇಳಿಸಿ, ಸೀರಿ ಬಿಚ್ಚಿ ಮೂಗಿಗೆ ಹಿಡದ್ಲು.
ನಾ ಅಕಿ ಮಾರಿ ನೋಡಕೋತ ನಿಂತೆ.
ಹಾಲು ಒಡದದ್ದು, ಹೂವು ಅರಳಿದ್ದು
ನಾ ಇಷ್ಟು ವರ್ಷ ಮೂಸಿದ್ದು ಆ ಮಾರಿಯಾಗನ.
ಏನು ಮಾಡೀದಿ ಇದಕ್ಕ?
ಗಾಳಿಗೆ ಹಾಕಿದ್ದೆ.
ಹೂಂ, ಅಂದ್ಲು. ಇನ್ನೂ ಮೂಗಿನಿಂದ ಇಳಿಸಿರಲಿಲ್ಲ.
ಆ ಚಪ್ಪಲಿ ಮೊದಲ ಹೊರಗ ಒಗಿ.

ಬಾಗಲದಾಗ ನಿಂತು
ಚಪ್ಪಲಿ ಎತ್ತಿ ಮೂಸಿದೆ.
ಏನೂ ಇಲ್ಲ.